ಗಿರಣಿಯ ಪಟ್ಟಾ, ಜೀಪಿನ ಬೆಲ್ಟು

ಘೋಡಗೇರಿಯ ಬಾಳವ್ವ ಯಾರನ್ನೂ ನಂಬುವ ಹೆಂಗಸಲ್ಲ. ಇದನ್ನು ಕೆಲವರು ಜಾಣತನ ಎನ್ನುತ್ತಾರೆ. ನಾನು ಎನ್ನುವುದಿಲ್ಲ. ಹಾಲು ತಂದವನ ಎದುರಿಗೇ ಹಾಲಿಗೆ ಬೆರಳು ಅದ್ದಿ ನೋಡುತ್ತಾಳೆ. ಅಯ್ಯನವರು ಹೇಳಿದ ತಿಥಿಯನ್ನು ಮನೆಗೆ ಬಂದು ಕ್ಯಾಲೆಂಡರಿನಲ್ಲಿ ತಾಳೆ ಹಾಕುತ್ತಾಳೆ. ಅಂಥವಳ ಎದುರು ಮನೆಯಲ್ಲಿ ಬದುಕುವುದು ಸುಲಭವಲ್ಲ.

ಅವಳ ತವರು ಮೂಡಲಗಿ. ತಂದೆಗೆ ಅಲ್ಲಿ ಹಿಟ್ಟಿನ ಗಿರಣಿ ಇತ್ತು. ಒಂದು ಕಡೆ ಎಂಜಿನ್ನು, ಇನ್ನೊಂದು ಕಡೆ ಬೀಸುವ ಕಲ್ಲು, ನಡುವೆ ಎರಡನ್ನೂ ಜೋಡಿಸಿ ತಿರುಗುವ ಅಗಲವಾದ ಚಪ್ಪಟೆ ಪಟ್ಟಾ. ಗಿರಣಿಯಲ್ಲಿ ಪಟ್ಟಾ ಓಡುವ ಗಾಲಿಯ ನಡುಭಾಗ ತುಸು ಉಬ್ಬಿರುತ್ತದೆ. ಹೀಗಾಗಿ ಪಟ್ಟಾ ಸ್ವಲ್ಪ ಅತ್ತಿತ್ತ ಸರಿದರೂ ಓಡುತ್ತ ಓಡುತ್ತ ತಾನೇ ನಡುವಿಗೆ ಬಂದು ನಿಲ್ಲುತ್ತದೆ. ಜಾರಿದರೆ ಒಂದಿಷ್ಟು ರಾಳದ ಪುಡಿ ಉದುರಿಸಿದರೆ ಸಾಕು. ಏಳನೆಯ ಇಯತ್ತೆಗೆ ಶಾಲೆ ಬಿಡಿಸಿ ಗಿರಣಿಯಲ್ಲಿ ಕೂರಿಸಿದ ಹುಡುಗಿ ಇಷ್ಟನ್ನು ಕಲಿತಳು, ಚೆನ್ನಾಗಿಯೇ ಕಲಿತಳು. ಶಾಲೆ ಬಿಟ್ಟ ಬಗ್ಗೆ ಅವಳು ಮಾತಾಡಿದ್ದನ್ನು ನಾನು ಕೇಳಿಲ್ಲ.

ಗಂಡ ಮುರಿಗೆಪ್ಪ ತೀರಿಕೊಂಡಾಗ ಅವನ ಹಳೆಯ ಡೀಸೆಲ್ ಜೀಪನ್ನು ಮಾರಿಬಿಡು ಎಂದು ಊರೆಲ್ಲ ಹೇಳಿತು. ಬಾಳವ್ವ ಲೈಸನ್ಸ್ ಮಾಡಿಸಿದಳು. ಹುಕ್ಕೇರಿಯ ಕಾಲೇಜಿಗೆ ಹೋಗುವ ಹುಡುಗಿಯರಿಗೆ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ಅವರನ್ನು ಕರೆದೊಯ್ದು ಕರೆತರುವ ಕೆಲಸ ಹಿಡಿದಳು. ಎಂಜಿನ್ನಿಗೆ ಮಾತ್ರ ಯಾರ ಕೈಯೂ ಸೋಕಬಾರದು. ಯಮಕನಮರಡಿಯಲ್ಲಿ ಹೆದ್ದಾರಿಯ ಬದಿಗೆ ಗ್ಯಾರೇಜು ಇಟ್ಟುಕೊಂಡಿರುವ ಸ್ವಂತ ಮೈದುನ ಶಿವಕುಮಾರನ ಕೈಯೂ ಸೋಕಬಾರದು. ಹಿಂದೆ ಒಮ್ಮೆ ಅವನು ಜೀಪು ಬಿಚ್ಚಿ ಜೋಡಿಸಿದ ಮೇಲೆ ಒಂದು ನಟ್ಟು ಉಳಿದಿತ್ತು. ಆ ನಟ್ಟನ್ನು ಅವಳು ಇಂದಿಗೂ ಮರೆತಿಲ್ಲ.

ಚಳಿಗಾಲದಲ್ಲಿ ಜೀಪಿನ ಡೈನಮೋ ಸುಟ್ಟಿತು. ಗೋಕಾಕಿನ ಗುಜರಿಯಿಂದ ಹಳೆಯದೊಂದನ್ನು ತಂದು ತಾನೇ ಕೂರಿಸಿದಳು. ಬ್ಯಾಟರಿ ತುಂಬತೊಡಗಿತು, ಆದರೆ ಎಂಜಿನ್ನಿನಿಂದ ಡೈನಮೋವನ್ನು ತಿರುಗಿಸುವ ಬೆಲ್ಟು ಚೀರತೊಡಗಿತು. ಅವಳು ರಾಳ ಉದುರಿಸಿದಳು, ಬೆಲ್ಟನ್ನು ಬಿಗಿ ಮಾಡಿದಳು. ಅದು ಹರಿಯಿತು. ಹೊಸದು ಹಾಕಿದಳು, ಅದೂ ಹರಿಯಿತು. ಗೋಕಾಕಿನ ಅಂಗಡಿಯವನು ಕಳ್ಳ, ಹುಕ್ಕೇರಿಯವನು ಅವನಪ್ಪ ಎಂದು ತೀರ್ಮಾನವಾಯಿತು.

ಮಾರ್ಚಿನಲ್ಲಿ ಪಿಯುಸಿ ಪರೀಕ್ಷೆ ನಡೆಯುತ್ತಿತ್ತು. ಶನಿವಾರ ಹುಡುಗಿಯರನ್ನು ಕರೆತರುವಾಗ ದಾರಿಯಲ್ಲಿ ಬೆಲ್ಟು ಹಾರಿತು. ಅದೇ ಬೆಲ್ಟಿನಿಂದ ತಿರುಗುವ ನೀರಿನ ಪಂಪು ನಿಂತು, ಎಂಜಿನ್ನು ಕುದಿದು, ಬಾನೆಟ್ಟಿನಿಂದ ಹಬೆ ಎದ್ದಿತು. ಹುಡುಗಿಯರು ಸುಡುಬಿಸಿಲಿನಲ್ಲಿ ನಡೆದು ಊರು ಸೇರಿದರು. ಅವರಲ್ಲೊಬ್ಬಳಾದ ವಿಜಯಶ್ರೀಯ ತಂದೆ ಲಕ್ಕಪ್ಪ ಸಂಜೆಗೇ ಬಾಳವ್ವನ ಬಾಗಿಲಿಗೆ ಬಂದ.

"ನೋಡ್ರಿ ಬಾಳಕ್ಕಾರ, ಸೋಮವಾರ ಇನ್ನೊಮ್ಮಿ ಹಾದ್ಯಾಗ ನಿಂತ್ರ ನನ್ನ ಮಗಳು ಕಾಲೇಜ ಬಿಟ್ಲು ಅಂತ ತಿಳೀರಿ. ಪರೀಕ್ಷಾ ಹೋದ್ರ ಹೋತು. ಮೇಘಾನ ಅಪ್ಪನೂ ಹಂಗ ಅಂದಾನ."

"ಸೋಮವಾರ ಗಾಡಿ ಹೊಕ್ಕೈತಿ," ಎಂದಳು ಬಾಳವ್ವ.

"ಹೆಂಗ ಹೊಕ್ಕೈತ್ರಿ?"

"ಗಾಲಿ ಮ್ಯಾಲ ಹೊಕ್ಕೈತಿ. ನಡಿ ಮನಿಗಿ."

ಭಾನುವಾರ ಬೆಳಿಗ್ಗೆ ಬಾನೆಟ್ಟು ಎತ್ತಿ ಕುಳಿತಳು. ನಾನು ಎದುರಿಗೆ ನಮ್ಮ ಮನೆಯ ಕಟ್ಟೆಯ ಮೇಲಿದ್ದೆ. ಇದು ಕೇಳಿ ಬರೆದದ್ದಲ್ಲ. ಉಳಿದಿದ್ದ ಒಂದೇ ಹೊಸ ಬೆಲ್ಟನ್ನು ಹಾಕಿ, ರಾಳ ಉದುರಿಸಿ, ಎಂಜಿನ್ನು ಚಾಲೂ ಮಾಡಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಚೀರಿತು. ಮತ್ತಷ್ಟು ರಾಳ ಹಾಕಿದಳು. ಮತ್ತೆ ಅದೇ ಚೀರಾಟ. ಅಷ್ಟರಲ್ಲಿ ಶಿವಕುಮಾರ ಮೋಟರ್ ಸೈಕಲ್ಲಿನಿಂದ ಇಳಿದ.

"ನಿನಗ ಯಾರ ಕರದ್ರು?"

"ಲಕ್ಕಪ್ಪ ಕಾಕಾ ಫೋನ್ ಮಾಡಿದ್ದ್ರಿ ವೈನಿ."

"ಹಂಗಾರ ಲಕ್ಕಪ್ಪನ ಮನ್ಯಾಗ ಚಾ ಕುಡಿ."

ಅವನು ಹೋಗಲಿಲ್ಲ. ಕಟ್ಟೆಯ ಮೇಲೆ ಕುಳಿತು ನಗುತ್ತಿದ್ದ. "ನಾ ಮುಟ್ಟೂದಿಲ್ರಿ. ಬರೇ ಬಾಯಿಲೆ ಹೇಳ್ತೇನಿ. ಮದ್ಲ ಆ ರಾಳ ತೊಳೀರಿ. ಇದೇನ ಗಿರಣಿ ಅಂತ ತಿಳದೀರೇನು? ಸ್ವಲ್ಪ ಜ್ವಾಳನೂ ಸುರೀರಿ ಹಂಗಾರ."

ಬಾಳವ್ವ ಅವನನ್ನು ಸುಟ್ಟುಬಿಡುವಂತೆ ನೋಡಿದಳು. ಆದರೆ ಮರುದಿನ ಸೋಮವಾರ. ಬೆಲ್ಟು ಓಡುವ ಗಾಲಿಗಳನ್ನೂ ಬೆಲ್ಟನ್ನೂ ಸೋಪಿನ ನೀರಿನಿಂದ ತೊಳೆದು, ಒರೆಸಿ, ಮತ್ತೆ ಹಾಕಿದಳು. ಎಂಜಿನ್ನು ಚಾಲೂ ಆದೊಡನೆ ಚೀರಾಟವೂ ಚಾಲೂ ಆಯಿತು.

"ಒಂದ ತಂಬಿಗಿ ನೀರು ತರ್ರಿ."

"ಯಾಕ, ಒದರಿ ಒದರಿ ಅದಕ್ಕ ನೀರಡಿಕಿ ಆಗೇತೇನು?"

"ಹೌದ್ರಿ. ದೂರ ನಿಂತು ಬೆಲ್ಟಿನ ಒಳಮೈಗಿ ನಾಕ ಹನಿ ಸಿಡಸ್ರಿ. ಸೆರಗು ಬಿಗಿ ಕಟಗೋರಿ."

ನೀರು ಬಿದ್ದ ಕೂಡಲೇ ಸದ್ದು ನಿಂತಿತು. ಬಾಳವ್ವ ಗೆದ್ದವಳಂತೆ ತಿರುಗಿದಳು. ತಿರುಗುವುದರೊಳಗೆ ಮತ್ತೆ ಚೀರಿತು.

"ನೀರು ಬಿದ್ದಾಗ ಇನ್ನೂ ಜೋರ ಒದರಿದ್ರ ಜಾರಾಕತ್ತೈತಿ ಅಂತ ತಿಳೀಬೇಕ್ರಿ. ಸುಮ್ಮನಾಗಿ ಮತ್ತ ಒದರಿದ್ರ ಗಾಲಿ ಒಂದ ಸಾಲಿನ್ಯಾಗ ಇಲ್ಲ ಅಂತ ಅರ್ಥ."

ಅವಳು ನಂಬಲಿಲ್ಲ. ಮತ್ತೊಮ್ಮೆ ಸಿಡಿಸಿದಳು, ಮಗದೊಮ್ಮೆ ಸಿಡಿಸಿದಳು. ಪ್ರತಿ ಸಲ ಅದೇ ಆಯಿತು. ಕೊನೆಗೆ ಎಂಜಿನ್ನು ಬಂದ್ ಮಾಡಿ ಸೊಂಟದ ಮೇಲೆ ಕೈಯಿಟ್ಟಳು.

"ಸಾಲಿನ್ಯಾಗ ಇರದಿದ್ರ ಏನಾತು? ಪಟ್ಟಾ ತಾನ ನಡಕ್ಕ ಬರತೈತಿ. ನಮ್ಮಪ್ಪನ ಗಿರಣ್ಯಾಗ ನಾ ಹುಟ್ಟಿದಾಗಿಂದ ನೋಡೇನಿ."

"ಪಟ್ಟಾ ಬರತೈತ್ರಿ ವೈನಿ. ಗಿರಣಿ ಗಾಲಿಗಿ ಹೊಟ್ಟಿ ಇರತೈತಿ. ಇದಕ್ಕ ಹೊಟ್ಟಿ ಇಲ್ಲ, ಬರೇ ಗಂಟಲ. ಸೊಟ್ಟಗ ನುಂಗಸಿದ್ರ ಬೆಲ್ಟ್ ಎಲ್ಲಿಗಿ ಹೋಗಬೇಕು? ಮಗ್ಗಲಾ ತಿಕ್ಕೊಂಡು ಸಾಯತೈತಿ."

ಬಾಳವ್ವ ಗಾಲಿಯ ಆಳವಾದ ತೋಡಿನೊಳಗೆ ಬೆರಳು ಇಳಿಸಿ ಸುತ್ತ ಆಡಿಸಿದಳು. ಆಮೇಲೆ ಒಳಗೆ ಹೋಗಿ, ಎಸೆಯದೆ ಇಟ್ಟಿದ್ದ ಹರಿದ ಬೆಲ್ಟುಗಳನ್ನೆಲ್ಲ ತಂದು ನೆಲದ ಮೇಲೆ ಒಂದರ ಪಕ್ಕ ಒಂದು ಹಾಸಿದಳು. ಎಲ್ಲವೂ ಒಂದೇ ಮಗ್ಗುಲಿಗೆ ಸವೆದು ನೂಲು ಬಿಟ್ಟಿದ್ದವು. ಇನ್ನೊಂದು ಮಗ್ಗುಲು ಹೊಸದರಂತೆಯೇ ಇತ್ತು. ಬೇರೆ ಬೇರೆ ಊರಿನ ಅಂಗಡಿಯವರು ಕೂಡಿ ಒಂದೇ ಮಗ್ಗುಲಿಗೆ ಮೋಸ ಮಾಡಲು ಸಾಧ್ಯವಿಲ್ಲ. ಅವಳು ಕುಕ್ಕರಗಾಲಿನಲ್ಲಿ ಕುಳಿತು ಒಂದೊಂದರ ಸವೆದ ಮಗ್ಗುಲಿಗೂ ಬೆರಳು ಎಳೆದಳು.

"ದಾರ ಹಿಡದು ನೋಡೂಣು," ಎಂದು ಎದ್ದಳು.

ಗಾಲಿಗಳ ಸಾಲು ತಿಳಿಯಲು ದಾರ ಹಿಡಿಯಬೇಕು, ಅದಕ್ಕೆ ಇಬ್ಬರು ಬೇಕು. ಕೆಳಗೆ ಎಂಜಿನ್ನಿನ ಮುಖ್ಯ ಗಾಲಿಗೆ ಒಬ್ಬರು ಒತ್ತಿ ಹಿಡಿದರೆ, ಇನ್ನೊಬ್ಬರು ಅದನ್ನು ಮೇಲೆ ಡೈನಮೋದ ಗಾಲಿಯ ತನಕ ಬಿಗಿಯಾಗಿ ಎಳೆಯಬೇಕು.

"ಈಗರೆ ಕೈ ಹಾಕಲೇನ್ರಿ?"

"ಹಾಕು. ದಾರ ಬಿಟ್ಟು ಬ್ಯಾರೆ ಏನೂ ಮುಟ್ಟಬ್ಯಾಡ."

ದಾರ ಕೆಳಗಿನ ಗಾಲಿಯ ಅಂಚಿಗೆ ಹತ್ತಿತು, ಫ್ಯಾನಿನ ಗಾಲಿಯ ಅಂಚಿಗೂ ಹತ್ತಿತು. ಡೈನಮೋದ ಬಳಿ ಮಾತ್ರ ಹತ್ತಲಿಲ್ಲ. ದಾರಕ್ಕೂ ಗಾಲಿಗೂ ನಡುವೆ ಕಿರುಬೆರಳಿನ ಉಗುರು ತೂರುವಷ್ಟು ಸಂದಿ. ಶಿವಕುಮಾರ ದಾರ ಸಡಿಲ ಹಿಡಿದಿರಬಹುದೆಂದು ಅವನನ್ನು ಮೇಲಕ್ಕೆ ಕಳಿಸಿ, ತಾನು ಕೆಳಗೆ ಹಿಡಿದಳು. ಸಂದಿ ಹಾಗೆಯೇ ಇತ್ತು.

ಡೈನಮೋದ ಬೋಲ್ಟು ಬಿಚ್ಚಿದಾಗ, ಅದರ ಬೋಲ್ಟು ತೂರುವ ಕಿವಿಗೂ ಬ್ರ್ಯಾಕೆಟ್ಟಿಗೂ ನಡುವೆ ಮುಂದುಗಡೆ ದಪ್ಪನೆಯ ವಾಷರುಗಳು ಸಿಕ್ಕವು. ಡೈನಮೋವನ್ನು ಹಿಂದಕ್ಕೆ ತಳ್ಳಿದ್ದವು ಅವೇ.

"ಇವನ್ನ ಯಾಂವ ಹಾಕಿದ್ರಿ ಇಲ್ಲಿ?" ಎಂದ ಶಿವಕುಮಾರ. ಅವನಿಗೆ ಗೊತ್ತಿತ್ತು.

"ನಾನ," ಎಂದಳು ಬಾಳವ್ವ. "ಅಳ್ಳಾಡ್ತಿತ್ತು. ಹಾಕಿದೆ."

ಅಷ್ಟೇ. ತಲೆ ತಗ್ಗಿಸಲಿಲ್ಲ. ವಾಷರುಗಳನ್ನು ಮುಂದಿನಿಂದ ತೆಗೆದು ಹಿಂದಕ್ಕೆ ಹಾಕಿ ಬೋಲ್ಟು ಬಿಗಿದಳು. ಮತ್ತೆ ದಾರ ಹಿಡಿಸಿದಳು. ಈ ಸಲ ಅದು ಎಲ್ಲ ಗಾಲಿಗಳ ಅಂಚಿಗೂ ಒಂದೇ ಸಮ ಕೂತಿತು. ಎಂಜಿನ್ನು ಚಾಲೂ ಮಾಡಿದಾಗ ಡೀಸೆಲ್ ಎಂಜಿನ್ನಿನ ಬಡಿತ ಬಿಟ್ಟರೆ ಬೇರೆ ಸದ್ದಿರಲಿಲ್ಲ. ನೀರು ಸಿಡಿಸಿ ನೋಡಿದಳು, ಏನೂ ಬದಲಾಗಲಿಲ್ಲ. ಆಮೇಲೆ ಒಬ್ಬಳೇ ಗೋಕಾಕಿನ ತನಕ ಓಡಿಸಿ ಬಂದು, ಬೆಲ್ಟಿನ ಎರಡೂ ಮಗ್ಗುಲನ್ನು ಬೆರಳಿನಿಂದ ಸವರಿ ನೋಡಿದಳು.

ಸೋಮವಾರ ಮುಂಜಾನೆ ಹುಡುಗಿಯರು ಪುಸ್ತಕ ಹಿಡಿದು ಹಿಂದೆ ಹತ್ತಿ ಕುಳಿತರು. ಲಕ್ಕಪ್ಪ ಎಂಜಿನ್ನಿಗೆ ಕಿವಿಗೊಟ್ಟು ನಿಂತಿದ್ದ. ಒಮ್ಮೆ ಮಗಳ ಮುಖ ನೋಡಿದ, ಒಮ್ಮೆ ಜೀಪು ನೋಡಿದ. ಕೊನೆಗೆ "ಹೋಗ್ರಿ" ಎಂದು ಬದಿಗೆ ಸರಿದ.

ಜೊತೆಗೆ ಬರುವೆನೆಂದು ಶಿವಕುಮಾರನೂ ಬಂದಿದ್ದ. ಅವನು ಸುತ್ತುಹಾಕಿ ಎಡಬಾಗಿಲಿಗೆ ಹೋಗುವಷ್ಟರಲ್ಲಿ ಬಾಳವ್ವ ಸ್ಟೇರಿಂಗು ಬಿಟ್ಟು ಎಡಗಡೆಗೆ ಸರಿದು ಕುಳಿತಿದ್ದಳು.

"ಆ ಕಡೆ ಬಾ. ನೀ ನಡಸು. ನಾ ಬೆಲ್ಟಿನ ಸಪ್ಪಳ ಕೇಳ್ತೇನಿ."

ಸಂಜೆ ವಿಜಯಶ್ರೀಯನ್ನು ಕರೆದು ಕೇಳಿದೆ. ಪರೀಕ್ಷೆ ಬರೆದಿದ್ದಳು, ಜೀಪು ಎಲ್ಲಿಯೂ ನಿಂತಿರಲಿಲ್ಲ. ಬಾಳವ್ವ ಬೆಲ್ಟಿನ ಸಪ್ಪಳ ಮಾತ್ರ ಕೇಳಲಿಲ್ಲವಂತೆ. ಊರ ಹೊರಗಿನ ಕಾಲುವೆಯ ಸೇತುವೆ ದಾಟುವ ಮೊದಲೇ ನಿದ್ದೆ ಹೋಗಿದ್ದಳು. ಹುಕ್ಕೇರಿಯಲ್ಲಿ ಹುಡುಗಿಯರು ಅವಳನ್ನು ಎಬ್ಬಿಸಬೇಕಾಯಿತು.