ಅಕ್ಕನ ಏಳು ಹಾಡು, ನನ್ನ ಮೂರು ನಿಮಿಷ

ಮೊದಲೇ ಹೇಳಿಬಿಡುತ್ತೇನೆ: ಅಕ್ಕನ ಆಲ್ಬಮ್ಮಿಗೆ ಬಂದ ಮೊದಲ ವಿಮರ್ಶೆ ನನ್ನದು, ಎಲ್ಲಕ್ಕಿಂತ ಕೆಟ್ಟದ್ದೂ ನನ್ನದೇ. ವಿಮರ್ಶೆ ಎನ್ನುವುದು ದೊಡ್ಡ ಮಾತಾಯಿತು. ಅವ್ವನ ಟವೆಲನ್ನು ತಲೆಗೆ ಸುತ್ತಿಕೊಂಡು, ಮೂಗಿನಿಂದ ಅಕ್ಕನ ದನಿ ತೆಗೆದು, ಮೂರು ನಿಮಿಷ ಗೊಳೋ ಎಂದು ಅತ್ತ ವಿಡಿಯೊ ಅದು.

ಅಕ್ಕ ಎಂದರೆ ದೊಡ್ಡಪ್ಪನ ಮಗಳು, ಗದ್ವಾಲದಲ್ಲಿ ಸೀರೆ ನೇಯುವವಳು. ಮಗ್ಗದ ಮೇಲಿನ ತೊಲೆಗೆ ಫೋನು ಕಟ್ಟಿ, ನೇಯುತ್ತಲೇ ತಾನು ಬರೆದ ಏಳು ಹಾಡು ಹಾಡಿ ಇಂಟರ್ನೆಟ್ಟಿಗೆ ಹಾಕಿದ್ದಳು. ವಾದ್ಯ ಎಂಬುದಿಲ್ಲ, ಎಳೆ ಒತ್ತಿ ಕೂರಿಸುವ ಹಣಿಗೆಯ ಬಡಿತವೇ ತಾಳ. ಅವಳಿಗೆ ನಿಶ್ಚಯವಾಗಿದ್ದ ಮಕ್ತಲಿನ ಸಂಬಂಧ ಮುರಿದವರು ಹುಡುಗನ ಮನೆಯವರೇ ಎಂದು ಎರಡು ವರ್ಷ ನಾವೆಲ್ಲ ಅವರನ್ನು ಬೈದುಕೊಂಡು ತಿರುಗಿದ್ದೆವು. ನಾಲ್ಕನೆಯ ಹಾಡಿನಲ್ಲಿ ಅವಳೇ ಬಾಯಿಬಿಟ್ಟಳು: ಬಿಟ್ಟವರು ಅವರಲ್ಲ, ಬಿಟ್ಟವಳು ನಾನೇ; ಬೈಸಿಕೊಂಡವರು ಅವರು, ಸುಮ್ಮನಿದ್ದವಳು ನಾನೇ. ಮಿಕ್ಕ ಹಾಡುಗಳೂ ಅದೇ ಜಾತಿಯವು. ಸೊಂಟದ ತನಕ ಮಗ್ಗದ ಕುಣಿಯಲ್ಲಿ ಕೂತವಳಿಗೆ ಕಿಟಕಿಯಲ್ಲಿ ಕಾಣುವುದು ದಾರಿಹೋಕರ ಪಾದ ಮಾತ್ರ, ಅಂಥವು.

ನಾನು ಆಗ ಉಗಾದಿಗೆಂದು ಗದ್ವಾಲದಿಂದ ನಾರಾಯಣಪೇಟೆಯ ನಮ್ಮ ಮನೆಗೆ ಹೋಗಿದ್ದೆ. ಹೊಟ್ಟೆಯಲ್ಲಿ ಹೋಳಿಗೆ, ಕೈಯಲ್ಲಿ ಫೋನು, ಮೈತುಂಬ ಸೊಕ್ಕು. ಬಸ್ಸಿನ ಕಂಡಕ್ಟರು, ಬ್ಯಾಂಕಿನ ಮ್ಯಾನೇಜರು, ಕೆಮ್ಮುತ್ತಲೇ ಬೈಯುವ ನಮ್ಮಪ್ಪ, ಯಾರ ದನಿಯನ್ನೂ ನಾನು ಬಿಟ್ಟವನಲ್ಲ. ಅಕ್ಕನನ್ನು ಬಿಟ್ಟರೆ ಅವಳಿಗೆ ಅವಮಾನ ಎಂದುಕೊಂಡೆನೇನೋ. "ಮೂರನೇ ಹಾಡಿನ ತಾಳ ಕೇಳ್ರೆಪಾ. ಟಕ್, ಟಕ್, ಟ... ಅಯ್ಯೋ, ತಾಳಕ್ಕೂ ಅಳು ಬಂತು!" ಎಂದು ಕ್ಯಾಮೆರಾದ ಮುಂದೆ ಕುಂಟಿ ತೋರಿಸಿದೆ. ಅವಳ ಹಾಡು ಕೇಳಿದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ನನ್ನ ಅಳು ಮಾತ್ರ ಊರೂರು ಸುತ್ತಿತು.

ಹಬ್ಬ ಮುಗಿಸಿ ಗದ್ವಾಲಕ್ಕೆ ಹೊರಟಾಗ ಮಕ್ತಲಿನಲ್ಲಿ ಬಸ್ಸು ಹತ್ತಿದ ಹುಡುಗರು ನನ್ನ ಗುರುತು ಹಿಡಿದರು.

"ಏ, ಅಳೋ ಅಕ್ಕ ಬಂದಾಳ ನೋಡ್ರಲೇ! ಒಂದ್ಸಾರಿ ಅಳಪಾ!"

ನಾನೂ ಅತ್ತು ತೋರಿಸಿದೆ. ಒಂದು ಸಲ ಅತ್ತವನನ್ನು ಯಾರು ಬಿಡುತ್ತಾರೆ? ಜೂರಾಲದ ಅಣೆಕಟ್ಟೆ ದಾಟುವ ತನಕ ಅಳಿಸಿದರು. ಅವರು ಹತ್ತಿದ ಮಕ್ತಲು ಅಕ್ಕ ಒಲ್ಲೆನೆಂದು ಬಿಟ್ಟ ಊರು ಎಂಬುದು ನನಗೆ ನೆನಪಾದದ್ದು ಇಳಿಯುವ ಹೊತ್ತಿಗೆ.

ನಿಜವಾದ ಬೋನು ಇದ್ದದ್ದು ಗದ್ವಾಲದಲ್ಲಿ. ಅಲ್ಲಿನ ಸೀರೆಯ ಒಡಲು ಹತ್ತಿ, ಅಂಚು ರೇಷ್ಮೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕುತ್ತ ನೇಯಬೇಕು, ಅದಕ್ಕೆ ಒಂದೇ ಮಗ್ಗದಲ್ಲಿ ಇಬ್ಬರು ಪಕ್ಕಪಕ್ಕ ಕೂರಬೇಕು. ಒಬ್ಬರು ಎದ್ದರೆ ಇಬ್ಬರ ಕೆಲಸವೂ ನಿಂತಂತೆ. ದೊಡ್ಡಪ್ಪನ ಕಣ್ಣು ಮಂಜಾದ ಮೇಲೆ ಆ ಜಾಗ ನನ್ನದಾಗಿತ್ತು. ಜಗಳಾಡಿ ಎದ್ದು ಹೋಗುವ ಸುಖ ಬೇರೆ ಕಸುಬಿನವರಿಗೆ. ನಾನು ಊರೆಲ್ಲ ಆಡಿಕೊಂಡ ಹೆಂಗಸಿನ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕುಣಿಯೊಳಗೆ ಕಾಲಿಟ್ಟು ಕೂತೆ. ಮಗ್ಗಕ್ಕೆ ಹೂಡಿದ್ದ ಹಾಸಿನಲ್ಲಿ, ಅಂದರೆ ಉದ್ದೆಳೆಗಳಲ್ಲಿ, ಇನ್ನೂ ಎರಡು ಸೀರೆ ಬಾಕಿ ಇದ್ದವು.

ಅಕ್ಕ ನನ್ನ ಮುಖ ನೋಡದೆ ಹೇಳಿದಳು: "ಈ ಹಾಸಿನ ಮ್ಯಾಗ ಹಾಡಿದ್ದು, ಹಾಸು ಮುಗಿಯೂತನಕ ಇರ್ತಾವ. ಸೀರಿ ನೂಲು ಕೊಟ್ಟ ಸಾವ್ಕಾರ್ರಿಗೆ ಒಪ್ಪಿಸಿದ ದಿನ ಏಳೂ ಹಾಡು ಅಳಿಸಿಬಿಡ್ತೀನಿ."

"ಅಕ್ಕಾ, ನಾ ನಗಾಕಂತ ಮಾಡಿದ್ದು..."

"ಲಾಳಿ ಒಗಿ."

ನೂಲು ಸುತ್ತಿದ ಲಾಳಿ ನನ್ನ ಕೈಯಿಂದ ಅವಳ ಕೈಗೆ, ಅವಳ ಕೈಯಿಂದ ನನ್ನ ಕೈಗೆ ಹೋಗಿಬರುತ್ತಿತ್ತು. ನಮ್ಮ ನಡುವೆ ಓಡಾಡಿದ್ದು ಅದೊಂದೇ.

ಎರಡನೆಯ ದಿನ ಮಧ್ಯಾಹ್ನ ನನ್ನ ಕಿವಿಗೆ ಏನೋ ಬಡಿಯಿತು. ಟಕ್, ಟಕ್, ಟ... ಅವಳ ಕೈ ಮುಂದೆ, ನನ್ನ ಕೈ ಹಿಂದೆ. ನಾನು ಒಂದು ಗಳಿಗೆ ತಡ ಮಾಡಿದಾಗಲೆಲ್ಲ ಹಣಿಗೆ ಎಡವುತ್ತಿತ್ತು. ಮೂರನೆಯ ಹಾಡು ಹಾಡಿದಾಗಲೂ ಪಕ್ಕದಲ್ಲಿ ಇದ್ದವನು ನಾನೇ ಅಲ್ಲವೇ! ಅವಳು ಗುನುಗುತ್ತಿದ್ದಾಳೆ ಎಂದುಕೊಂಡು ನಾನು ಕ್ರಿಕೆಟ್ಟಿನ ಧ್ಯಾನದಲ್ಲಿದ್ದೆ. ಟವೆಲು ಸುತ್ತಿಕೊಂಡು ನಾನು ಹಂಗಿಸಿದ್ದು ನನ್ನದೇ ಕೈಯನ್ನು.

"ಅಕ್ಕಾ, ಆ ಕುಂಟ ತಾಳ ನಂದು."

"ಗೊತ್ತೈತಿ."

"ಮತ್ತ ಆ ಹಾಡು ಯಾಕ ಹಂಗ ಇಟ್ಟಿ? ಇನ್ನೊಮ್ಮಿ ಹಾಡಬೇಕಿಲ್ಲ?"

"ನೀ ತಡಾ ಮಾಡಿದಾಗ ನನಗ ಉಸಿರು ತಗೊಳ್ಳಾಕ ಸಿಗತಿತ್ತು."

ಆ ಸಂಜೆಯೇ ಹಳೆಯ ವಿಡಿಯೊ ಅಳಿಸಿ, ತಪ್ಪೊಪ್ಪಿಗೆಯದೊಂದನ್ನು ಮಾಡಲು ಕೂತೆ. ನನ್ನ ದನಿಯಲ್ಲೇ ಹೇಳಬೇಕೆಂದು ಹಟ. ಬಾಯಿ ತೆರೆದರೆ ಮೊದಲ ಸಲ ಬ್ಯಾಂಕಿನ ಮ್ಯಾನೇಜರು ಬಂದ, ಎರಡನೆಯ ಸಲ ನಮ್ಮಪ್ಪ ಕೆಮ್ಮಿದ. ಐದನೆಯ ಸಲಕ್ಕೆ ಎಂಥದೋ ಸಪ್ಪೆ ದನಿ ಬಂತು, ಅದೇ ನನ್ನದಿರಬೇಕು. "ಅಕ್ಕನ ಹಾಡು ಸುಳ್ಳಲ್ಲ, ನಾನು ಆಡಿದ್ದು ತಪ್ಪು" ಎಂದು ಹೇಳಿ ಹಾಕಿದೆ. ಕೆಳಗೆ ಸಾಲು ಸಾಲು ನಗುವ ಮುಖಗಳು. "ಈ ಸಪ್ಪೆ ಮನುಷ್ಯ ಯಾರು ಭಾಯಿ? ಸೂಪರ್!" ಎಂದೊಬ್ಬ. "ಎವರಿ ವಾಯ್ಸ್ ಅನ್ನಾ ಇದಿ?" ಎಂದು ತೆಲುಗಿನಲ್ಲಿ ಇನ್ನೊಬ್ಬ, ಇದು ಯಾರ ದನಿ ಅಣ್ಣಾ ಎಂದು. ಹಳೆಯ ಅಳುವನ್ನೋ ಆಗಲೇ ಹತ್ತು ಜನ ಇಳಿಸಿಕೊಂಡು ಹಂಚುತ್ತಿದ್ದರು.

ರೊಟ್ಟಿ ಬಡಿಯುತ್ತಿದ್ದ ದೊಡ್ಡವ್ವ ಇಣುಕಿ ನೋಡಿ ಅಂದಳು: "ಬೈದರೂ ನಗತಾರ, ತಪ್ಪಾತು ಅಂದರೂ ನಗತಾರ. ನಾಳೆ ಸತ್ತರೂ, ಎಷ್ಟು ಛಂದ ಸತ್ತಾನ ಅಂತಾರ ನೋಡು ನಿನಗ."

ಇನ್ನು ನನಗಿದ್ದ ದಾರಿ ಒಂದೇ, ಹಾಸು ಮುಗಿಯದಂತೆ ನೋಡಿಕೊಳ್ಳುವುದು. ಚಹಾಕ್ಕೆಂದು ಎದ್ದೆ, ಹೊಟ್ಟೆನೋವೆಂದು ಎದ್ದೆ, ಗಟ್ಟಿಯಾಗಿದ್ದ ಎಳೆಯನ್ನೇ ಹರಿದು ಗಂಟು ಹಾಕುತ್ತ ಅರ್ಧ ಗಂಟೆ ಕಳೆದೆ. ಅಕ್ಕ ಎಲ್ಲವನ್ನೂ ಓರೆಗಣ್ಣಲ್ಲೇ ನೋಡುತ್ತಿದ್ದಳು, ನಾನು ಕೂತೊಡನೆ ಮತ್ತೆ ಲಾಳಿ ಚಾಚುತ್ತಿದ್ದಳು. ಎಷ್ಟೆಂದು ಎಳೆಯಲಾದೀತು? ಕೊನೆಯ ಸೆರಗೂ ಮುಗಿಯಿತು. ಕತ್ತರಿಸಿ, ಮಡಿಸಿ, ಇಬ್ಬರೂ ಸಾವ್ಕಾರರ ಅಂಗಡಿಗೆ ಹೋದೆವು. ಅಂಗಡಿಯ ಬಾಗಿಲಲ್ಲೇ ಅಕ್ಕ ಫೋನು ತೆಗೆದು ಕೈಯಲ್ಲಿ ಹಿಡಿದಳು. ಏಳೂ ಹಾಡಿನ ಪಟ್ಟಿ ತೆರೆದಿತ್ತು. ನಾನು ಗೋಡೆ ನೋಡುತ್ತ ನಿಂತೆ.

ಸಾವ್ಕಾರರು ಸೀರೆ ಹರವಿದರು. ಅಂಚು ಒಡಲು ಕೂಡುವ ಕಡೆ ಹೆಬ್ಬೆರಳು ಆಡಿಸುತ್ತ ಹೋದರು. ನನ್ನ ಕಳ್ಳ ಗಂಟುಗಳ ಹತ್ತಿರ ಬೆರಳು ನಿಂತು ಮುಂದೆ ಹೋಯಿತು. ಆಮೇಲೆ ಕನ್ನಡಕ ತೆಗೆದರು.

"ನಿನ್ನ ಹಾಡು ಕೇಳಿದ್ನವಾ. ಏಳೂ ಕೇಳಿದೆ. ಆ ನಾಕನೇದ್ದು ಎರಡು ಸಾರಿ ಕೇಳಿ, ಊಟಾ ಬಿಟ್ಟು ಎದ್ದೆ. ಆದರ ಎಲ್ಲಾ ಅಳೋವ ಅದಾವಲ್ಲಬೇ? ಒಂದರ ನಗೋ ಹಾಡು ಹಾಕಬಾರದಾ? ಇವನ್ನ ನೋಡು, ಎಷ್ಟು ನಗಸ್ತಾನ."

ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಉಗಾದಿಯ ನಂತರ ಅವಳು ನನ್ನ ಕಡೆ ನೇರ ನೋಡಿದ್ದು ಅದೇ ಮೊದಲು. ಒಂದು ಹಾಡನ್ನೂ ಅಳಿಸದೆ ಫೋನನ್ನು ಚೀಲಕ್ಕೆ ಹಾಕಿದಳು.

"ನಗಸಾಕ ಇವ ಅದಾನಲ್ರೀ ಸಾವ್ಕಾರ್ರ. ಅಳಾಕ ಊರಿಗೆ ನಾನೊಬ್ಬಾಕಿ ಇರಲಿ ಬಿಡ್ರಿ."