ಅಂಚಿನ ಮೇಷ್ಟ್ರ ಸಂಶೋಧನಾ ಉಪನ್ಯಾಸ

ಸಾಹಿತ್ಯದ ಪ್ರೊಫೆಸರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ಅಂಚಿನ ಮೇಷ್ಟ್ರು. ಎಲ್ಲರೂ ಪುಸ್ತಕ ಓದಿದರೆ ಇವರು ಪುಸ್ತಕದ ಅಂಚು ಓದುತ್ತಿದ್ದರು. ಹಳೆಯ ಓದುಗರು ಪೆನ್ಸಿಲ್ಲಿನಲ್ಲಿ ಗೀಚಿಟ್ಟ ಮಾತುಗಳನ್ನು ಹುಡುಕುತ್ತ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಮೂವತ್ತು ವರ್ಷ ಧೂಳು ಕುಡಿದಿದ್ದರು. ಸಹೋದ್ಯೋಗಿಗಳು ಮುಸಿಮುಸಿ ನಗುತ್ತಿದ್ದರು. ಹೀಗಿರುವಾಗ, ವರ್ಷಕ್ಕೊಬ್ಬರಿಗೆ ಮಾತ್ರ ಸಲ್ಲುವ ಸಾರ್ವಜನಿಕ ಸಂಶೋಧನಾ ಉಪನ್ಯಾಸದ ಗೌರವ ನಿವೃತ್ತಿಗೆ ಆರು ತಿಂಗಳಿದ್ದಾಗ ಒಲಿದು ಬಂತು. ಮೇಷ್ಟ್ರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ವಿಷಯ, ನೂರು ವರ್ಷ ಹಳೆಯ ಒಂದು ಪ್ರೇಮಕವನಗಳ ಸಂಕಲನ. ಅದರ ಅಂಚಿನುದ್ದಕ್ಕೂ ದುಂಡು ಅಕ್ಷರದ ಯಾರೋ ಕವಿಯ ಚಳಿ ಬಿಡಿಸಿದ್ದರು. ‘ಇವನಿಗೆ ಮದುವೆ ಆಗಿಲ್ಲ’ ಎಂದು ಒಂದು ಕಡೆ, ‘ಸಾಕು, ಕೆಲಸ ನೋಡು’ ಎಂದು ಇನ್ನೊಂದು ಕಡೆ. ಹೀಗೆ ಗೀಚಿದಾತ ಕವಿಯ ಕಾಲದವನೇ ಆದ ಮಹಾ ವಿಮರ್ಶಕನೆಂದು ಮೇಷ್ಟ್ರು ನಲವತ್ತು ಪುಟ ಸಾಧಿಸಿದ್ದರು.

ಉಪನ್ಯಾಸದ ಹಿಂದಿನ ದಿನ ಆ ನಲವತ್ತು ಪುಟವನ್ನು ಗ್ರಂಥಾಲಯದ ನೆಲಮಾಳಿಗೆಯಲ್ಲಿ ಬೈಂಡಿಗೆ ಕೊಟ್ಟು, ಸಂಜೆ ತರಲು ಹೋದರು. ರಟ್ಟು ತೆರೆದರೆ ಮೊದಲ ಪುಟದ ಅಂಚಿನಲ್ಲಿ: ‘ಇಷ್ಟು ಸುತ್ತಿ ಬಳಸೋದು ಯಾಕೆ?’ ಅದೇ ದುಂಡು ಅಕ್ಷರ!

“ಇದ್ಯಾರಮ್ಮ ಬರೆದಿದ್ದು?”

“ನಾನೇ ಸಾರ್,” ಎಂದಳು ಬೈಂಡಿಂಗಿನಾಕೆ. “ಅಂಟು ಬೇಯೋವರೆಗೂ ಸುಮ್ನೆ ಕೂತು ಏನ್ಮಾಡ್ಲಿ? ಓದ್ತೀನಿ. ನಿಮ್ದು ಒಂದೇ ಪುಟ ಆಯ್ತು, ಅಷ್ಟರಲ್ಲಿ ಅಂಟು ಬೆಂದೋಯ್ತು. ಅಳಿಸ್ಲಾ?”

“ಬೇಡ! ಆ ಹಳೇ ಪ್ರೇಮಕವನದ ಪುಸ್ತಕ...”

“ಅಯ್ಯೋ, ಅದಾ? ರಿಪೇರಿಗೆ ಬಂದಾಗ ಗೀಚಿದ್ದು, ಇಪ್ಪತ್ತು ವರ್ಷ ಆಯ್ತಲ್ಲ! ದೂರು ಕೊಡ್ತೀರಾ ಸಾರ್?”

ಮೇಷ್ಟ್ರು ರಟ್ಟು ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. ಮನೆಗೆ ಬಂದು ಹೆಂಡತಿಗೆ ಹೇಳಿದರು.

“ಬಾಯಿ ಬಿಡದೇ ಇದ್ರೆ ಯಾರಿಗ್ರೀ ಗೊತ್ತಾಗತ್ತೆ?”

“ನಂಗೆ ಗೊತ್ತಲ್ಲೇ.”

“ಹಾಗಾದ್ರೆ ಹೇಳ್ಬಿಡಿ. ಮಾನ ಹೋದ್ರೆ ಅರ್ಧ ನಂದೂ ಹೋಗತ್ತೆ, ಒಬ್ರಿಗೇ ಭಾರ ಆಗಲ್ಲ.”

ಮರುದಿನ ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಕುಲಪತಿಗಳು, ಪಕ್ಕದಲ್ಲಿ ಮುಸಿಮುಸಿ ನಗುವವರೆಲ್ಲ. ಮೇಷ್ಟ್ರು ಕನ್ನಡಕ ಒರೆಸಿಕೊಂಡು, “ನನ್ನ ನಲವತ್ತು ಪುಟವೂ ತಪ್ಪು,” ಎಂದರು. ವಿನಯವೆಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಆ ದುಂಡು ಅಕ್ಷರ ಯಾರದೆಂದು ಮೇಷ್ಟ್ರು ಬಿಡಿಸಿ ಹೇಳಿದರು. ಆಮೇಲೆ ಯಾರೋ ಕಿಸಕ್ಕೆಂದರು. ಮೇಷ್ಟ್ರು ಕಿವಿ ಕೆಂಪಗಾದರೂ ನಿಂತೇ ಇದ್ದರು. ತಾವೇ ಕರೆಸಿ ಕೊನೆಯ ಸಾಲಿನಲ್ಲಿ ಕೂರಿಸಿದ್ದ ಬೈಂಡಿಂಗಿನಾಕೆಯನ್ನು ವೇದಿಕೆಗೆ ಕರೆದು, ಆ ಪ್ರೇಮಕವನಗಳ ಪುಸ್ತಕ ಕೈಗಿತ್ತರು.

“ಮದುವೆ ಆಗಿಲ್ಲ ಅಂತ ಹೇಗೆ ಗೊತ್ತಾಯ್ತಮ್ಮ?”

“ನೋಡಿ ಸಾರ್, ಅವಳ ಕಣ್ಣು ನಕ್ಷತ್ರ ಅಂತ ಹನ್ನೆರಡು ಸಲ ಹೇಳ್ತಾನೆ. ಅವಳು ಊಟ ಮಾಡಿದ್ಲಾ ಅಂತ ಒಂದು ಸಲನೂ ಕೇಳಲ್ಲ.”

ಕುಲಪತಿಗಳ ಹೆಂಡತಿ ಮೊದಲು ನಕ್ಕರು. ಆಮೇಲೆ ಸಭೆಯೆಲ್ಲ. ಮೇಷ್ಟ್ರು ವೇದಿಕೆಯ ತುದಿಯಲ್ಲಿ ಕುಳಿತು ಜೇಬಿನಿಂದ ಪೆನ್ನು ತೆಗೆದರು. ಮುಕ್ಕಾಲು ಗಂಟೆ ಅವರು ಕೇಳಿದರು, ಆಕೆ ಹೇಳಿದಳು.

ಪ್ರತಿ ವರ್ಷದ ಉಪನ್ಯಾಸವೂ ಪುಸ್ತಕವಾಗುವ ಮಾಲೆಯಲ್ಲಿ ಆ ವರ್ಷದ್ದು ಮಾತ್ರ ಅಚ್ಚಾಗಿಲ್ಲ. ನಿವೃತ್ತಿಯ ನಂತರವೂ ಮೇಷ್ಟ್ರು ವಾರಕ್ಕೊಮ್ಮೆ ನೆಲಮಾಳಿಗೆಗೆ ಇಳಿದು, ಆಕೆಗೆ ಓದಿ ತೋರಿಸುತ್ತ ಅದನ್ನು ಹೊಸದಾಗಿ ಬರೆಯುತ್ತಿದ್ದರು. ಹೋದ ತಿಂಗಳು ಅವರು ತೀರಿಕೊಂಡಾಗ ಮೂರು ಅಧ್ಯಾಯ ಆಗಿತ್ತು. ಮೂರನೆಯದನ್ನು ಆಕೆ ಇನ್ನೂ ಒಪ್ಪಿರಲಿಲ್ಲ.