ಉಗುಳಬೇಕಿದ್ದ ತೀರ್ಥ

ದೇವರ ಮುಂದೆ ರಾತ್ರಿಯಿಡೀ ಇಟ್ಟ ತಂಬಿಗೆಯ ನೀರನ್ನು ಬೆಳಿಗ್ಗೆ ಏನು ಮಾಡಬೇಕೆಂಬುದು ದೊಡ್ಡ ಪ್ರಶ್ನೆಯೇನಲ್ಲ. ನಾಗಪುರದ ಪ್ರತಾಪ ನಗರದ ಈ ಮನೆಗೆ ಬಂದಂದಿನಿಂದ ನಾನು ಅದನ್ನು ತುಳಸಿಗೆ ಹಾಕುತ್ತ ಬಂದಿದ್ದೇನೆ. ರೈಲ್ವೆಯಲ್ಲಿರುವ ನಮ್ಮನೆಯವರು ಚಹಾದ ಕಪ್ಪು ಹಿಡಿದು ಬಾಗಿಲಲ್ಲಿ ನಿಂತು, "ಎಲ್ಲಾ ಪುಣ್ಯ ಆ ಗಿಡಕ್ಕ ಹೊಂಟದ ನೋಡು, ನಮಗೇನೂ ಉಳಿಯೂದಿಲ್ಲ" ಎಂದು ಕೆಣಕುವುದೂ ಅಷ್ಟೇ ಹಳೆಯದು. ಇಂಥ ಯಃಕಶ್ಚಿತ್ ನೀರಿನ ದೆಸೆಯಿಂದ ಪರದೇಶದಲ್ಲಿ ನನ್ನ ಮಾನ ಹೋಗಿ, ದೇವರ ದಯದಿಂದ ಮರಳಿ ಬಂದದ್ದನ್ನು ನಿಮಗೆ ಹೇಳಬೇಕು.

ಮಗಳು ಪಲ್ಲವಿ ಇಲ್ಲಿನ ವಿಮಾನ ನಿಲ್ದಾಣದ ಪಕ್ಕದ ಮಿಹಾನಿನಲ್ಲಿ ವಿಮಾನಗಳ ದುರಸ್ತಿ ಮಾಡುತ್ತಾಳೆ. ಮನೆಯ ಮಿಕ್ಸರ್ ಕೆಟ್ಟರೆ ಮಾತ್ರ ಮುಟ್ಟುವುದಿಲ್ಲ. ಅವಳಿಗೆ ಜಪಾನಿನ ಒಂದು ಸಣ್ಣ ಊರಿನಲ್ಲಿ ಒಂದು ವರ್ಷದ ತರಬೇತಿ ಬಂತು, ಅದಕ್ಕೆಂದು ಅವರ ಭಾಷೆಯನ್ನೂ ಕಲಿತಳು. ಇರುವುದಕ್ಕೆ ಹರುಕೊ ಎಂಬ ಹಿರಿಯ ಹೆಂಗಸಿನ ಮನೆಯನ್ನು ಗೊತ್ತು ಮಾಡಿದ್ದರು. ಗುರುತಿಲ್ಲದ ಮನೆಯಲ್ಲಿ ಹೆಣ್ಣುಮಗಳನ್ನು ಹೇಗೆ ಬಿಡುವುದೆಂದು ನಾನೂ ಮೆಂತ್ಯದ ಹಿಟ್ಟು, ಶೇಂಗಾ ಚಟ್ನಿಗಳ ಸಮೇತ ಬೆನ್ನುಹತ್ತಿ ಹೋದೆ. ಮನೆ ಮನಸ್ಸಿಗೆ ಬಂದರೆ ಬಿಟ್ಟು ಬರುವುದು, ಬಾರದಿದ್ದರೆ ಕರೆದುಕೊಂಡೇ ಬರುವುದು ಎಂದು ಒಳಗೊಳಗೇ ನಿಶ್ಚಯಿಸಿಕೊಂಡಿದ್ದೆ. ಪರೀಕ್ಷಿಸಲು ಹೋದವಳೇ ಪರೀಕ್ಷೆಗೆ ಗುರಿಯಾದದ್ದು ಮುಂದಿನ ಮಾತು.

ಹೋದ ಮರುದಿನವೇ ಹರುಕೊ ನಮ್ಮನ್ನು ತಮ್ಮ ಊರದೇವರ ಗುಡಿಗೆ ಕರೆದೊಯ್ದರು. ಕೆಂಪು ಕಮಾನು ದಾಟಿದರೆ ಎತ್ತರದ ಮರಗಳ ಕೆಳಗೆ ಒಂದು ಕಲ್ಲಿನ ತೊಟ್ಟಿ, ಅದರ ಮೇಲೆ ಉದ್ದ ಹಿಡಿಕೆಯ ಬಿದಿರಿನ ಸೌಟುಗಳು. ಅಲ್ಲಿ ಕೈತೊಳೆದು, ಬಾಯಿ ಮುಕ್ಕಳಿಸಿ, ನೀರನ್ನು ಪಕ್ಕಕ್ಕೆ ಉಗುಳಿ ಒಳಗೆ ಹೋಗುವುದು ಅವರ ಪದ್ಧತಿಯಂತೆ. ನನಗೇನು ಗೊತ್ತು? ಗುಡಿಯ ಅಂಗಳ, ತಣ್ಣನೆಯ ನೀರು, ಕೈಯಲ್ಲಿ ಸೌಟು. ನನ್ನ ಬಲಗೈ ತನ್ನಷ್ಟಕ್ಕೆ ತಾನೇ ಗುಳಿಯಾಯಿತು. ಕಣ್ಣು ಮುಚ್ಚಿ ವೆಂಕಟರಮಣನನ್ನು ನೆನೆದು ಮೂರು ಸಲ ತೀರ್ಥ ತೆಗೆದುಕೊಂಡೆ, ಉಳಿದ ಪಸೆಯನ್ನು ಕಣ್ಣಿಗೂ ತಲೆಗೂ ಒರೆಸಿಕೊಂಡೆ.

ಕಣ್ಣು ತೆರೆದರೆ ಹರುಕೊ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು.

"ಅವ್ವಾ, ಅದು ಕುಡಿಯೂದಲ್ಲ, ಉಗುಳೂ ನೀರು" ಎಂದಳು ಪಲ್ಲವಿ, ಹಲ್ಲು ಕಚ್ಚಿ.

"ಗುಡಿ ನೀರು ಉಗುಳತಾರೇನ? ಹುಚ್ಚಿ."

"ಮಂದಿ ನೋಡ್ಲಿಕ್ಕತ್ತಾರ. ಚಲ್, ಜಲ್ದಿ ಬಾ."

ಒಳಗೆ ಹೋಗಿ ಅವರಂತೆ ತಲೆಬಾಗಿ ಚಪ್ಪಾಳೆ ತಟ್ಟಿದೆನಾದರೂ ಮನಸ್ಸು ತೊಟ್ಟಿಯ ಹತ್ತಿರವೇ ಉಳಿದಿತ್ತು. ಹೊರಗಿನ ಶುದ್ಧಿಗೆಂದು ಇಟ್ಟದ್ದನ್ನು ಹೊಟ್ಟೆಯ ಶುದ್ಧಿಗೆ ಬಳಸಿ ಅವರ ದೇವರಿಗೆ ಅಪಚಾರ ಮಾಡಿದ್ದೆ. ಹರುಕೊ ದಾರಿಯುದ್ದಕ್ಕೂ ಆಗಾಗ ತಿರುಗಿ ನನ್ನನ್ನೇ ನೋಡುತ್ತಿದ್ದರು. ಸಂಜೆ ಊಟಕ್ಕೆ ಕೂತಾಗ ಪಲ್ಲವಿಯ ಮುಂದೆ ಸಾಲು ಸಾಲು ಪುಟ್ಟ ಬಟ್ಟಲುಗಳು, ನನ್ನ ಮುಂದೆ ಮಾತ್ರ ಬಿಳಿಯ ಗಂಜಿ, ಅದರ ನಡುವೆ ಒಂದು ಹುಳಿ ಉಪ್ಪಿನಕಾಯಿ. ಪ್ರಾಯಶ್ಚಿತ್ತ ಎಂದುಕೊಂಡು ತಲೆ ತಗ್ಗಿಸಿ ಉಂಡೆ. ಮನೆ ನನ್ನ ಮನಸ್ಸಿಗೆ ಬರುವುದೋ ಇಲ್ಲವೋ ಎಂಬ ಪ್ರಶ್ನೆ ಹಿಂದೆ ಬಿದ್ದು, ಇಂಥ ತಾಯಿಯ ಮಗಳು ಆ ಮನೆಗೆ ಬೇಕೋ ಬೇಡವೋ ಎಂಬುದು ಮುಂದೆ ಬಂದಿತ್ತು. ನನ್ನ ಮೇಲೆ ಮುನಿದ ಪಲ್ಲವಿ ಹರುಕೊ ಅವರನ್ನು ಏನೂ ಕೇಳಲಿಲ್ಲ, ನಾನು ಕೇಳಲು ನನಗೆ ಭಾಷೆಯಿರಲಿಲ್ಲ. ಹೊರಗೆ ಹಾಕಿದರೆ ಈ ಹುಡುಗಿ ಎಲ್ಲಿಗೆ ಹೋದಾಳು ಎಂದು ದೇವರನ್ನು ಬೇಡುತ್ತ ಮಲಗಿದೆ.

ಬೆಳಿಗ್ಗೆ ಎದ್ದು ಬಂದರೆ ಹರುಕೊ ಮಣೆಯ ಮೇಲೆ ನಿಂತು ಗೋಡೆಯ ಎತ್ತರದಲ್ಲಿದ್ದ ತಮ್ಮ ದೇವರ ಮಂಟಪದಿಂದ ಒಂದು ಬಿಳಿ ಬಟ್ಟಲನ್ನು ಇಳಿಸುತ್ತಿದ್ದರು. ನಿನ್ನೆ ಇಟ್ಟ ನೀರು. ಅದನ್ನು ಹಿಡಿದು ನನ್ನ ಹತ್ತಿರ ಬಂದರು. ನನ್ನ ಬಲಗೈ ತೆಗೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಮಡಿಸಿ, ತೊಟ್ಟಿಯ ಬಳಿ ನಾನು ಹಿಡಿದಂತೆಯೇ ಗುಳಿ ಮಾಡಿ, ಅದರಲ್ಲಿ ಒಂದಿಷ್ಟು ನೀರು ಹಾಕಿದರು. ಕುಡಿ ಎಂಬಂತೆ ಕತ್ತು ಅಲ್ಲಾಡಿಸಿದರು.

ಕುಡಿದೆ. ತಲೆಗೆ ಒರೆಸಿಕೊಂಡೆ. ಅವರೂ ಒಂದು ಗುಟುಕು ಕುಡಿದು ತಮ್ಮ ನರೆಗೂದಲಿಗೆ ಕೈ ಒರೆಸಿಕೊಂಡು ನಕ್ಕರು, ಆಮೇಲೆ ಪಲ್ಲವಿಗೆ ಬಹಳ ಹೊತ್ತು ಏನೋ ಹೇಳಿದರು.

"ದಿನಾ ಈ ನೀರು ಗಿಡಕ್ಕ ಹಾಕತಿದ್ರಂತ. ನೀ ಹಂಗ ಕಣ್ಮುಚ್ಚಿ ಕುಡಿದದ್ದು ನೋಡಿ, ಮನ್ಯಾಗಿದ್ದವರಿಗೂ ಕೊಡಬಹುದಲ್ಲಾ ಅನಿಸ್ತಂತ."

"ಮತ್ತ ನಿನ್ನೆ ಬಾಯಿ ಮುಚ್ಚಿಕೊಂಡದ್ದು?"

"ತೊಟ್ಟಿ ನೀರು ಕುಡಿದು ನಿನ್ನ ಹೊಟ್ಟಿ ಕೆಡತದ ಅಂತ ಹೆದರಿದ್ರಂತ. ಅದಕ್ಕ ಗಂಜಿ."

ನಾನು ಪ್ರಾಯಶ್ಚಿತ್ತವೆಂದು ಉಂಡದ್ದು ಪಥ್ಯವಾಗಿತ್ತು. ಬೇರೆಯವರ ತಾಯಿಯ ಹೊಟ್ಟೆಗಾಗಿ ಇಷ್ಟು ಕಳವಳಪಡುವ ಮನೆಯಲ್ಲಿ ಮಗಳು ಹಸಿದಿರಲಾರಳು, ಜ್ವರ ಬಂದರೆ ಒಂಟಿಯಾಗಿರಲಾರಳು. ಎದೆಯ ಮೇಲಿನ ಬೀಸುಗಲ್ಲು ಇಳಿದಂತಾಯಿತು. ಮರಳಿ ಹೊರಡುವಾಗ ಚಟ್ನಿಯ ಡಬ್ಬಿಗಳನ್ನು ಹರುಕೊ ಕೈಗೇ ಒಪ್ಪಿಸಿದೆ.

ಮೊನ್ನೆ ಫೋನಿನಲ್ಲಿ ಪಲ್ಲವಿ, "ಇಲ್ಲೆ ಗಿಡಕ್ಕ ನೀರು ಕಡಿಮಿ ಬೀಳ್ಲಿಕ್ಕತ್ತದವ್ವಾ, ಇಬ್ಬರೂ ಕುಡೀತೀವಿ" ಎಂದಳು. ನಾನು ತಂಬಿಗೆ ಹಿಡಿದು ತುಳಸಿಯ ಕಡೆಗೇ ಹೊರಟಿದ್ದೆ. ಬಾಗಿಲಲ್ಲಿ ನಮ್ಮನೆಯವರು ಎಂದಿನಂತೆ ಬಾಯಿ ತೆರೆಯುವಷ್ಟರಲ್ಲಿ, "ಕಪ್ಪು ಕೆಳಗಿಡ್ರಿ, ಕೈ ಹಿಡೀರಿ" ಎಂದೆ. ಹಿಡಿದರು. ಉಳಿದದ್ದು ತುಳಸಿಗೆ.